ದೂರು ಬಾರದಿದ್ದುದೇ ಸಾಕ್ಷ್ಯವಾದಾಗ

2018ರ ಕೊನೆಯಲ್ಲಿ ಬೆಂಗಳೂರಿನ ಐಎಂಎ ಕಂಪನಿಯ ಬಗ್ಗೆ ಕಂದಾಯ ಇಲಾಖೆಯ ಅಧಿಕಾರಿಗಳು ಒಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿದ್ದರು. ಈ ಸಂಸ್ಥೆಯಲ್ಲಿ ಹಣ ಹೂಡಿ ತೊಂದರೆಗೊಳಗಾದವರಿದ್ದರೆ ಮುಂದೆ ಬಂದು ದೂರು ಕೊಡಿ ಎಂಬುದು ಅದರ ತಾತ್ಪರ್ಯ. ದೂರು ಬರಲಿಲ್ಲ. ಸಿಐಡಿಯ ಆರ್ಥಿಕ ಅಪರಾಧ ವಿಭಾಗವೂ ವಿಚಾರಣೆ ನಡೆಸಿ, ಠೇವಣಿದಾರರ ಹಿತರಕ್ಷಣೆಯ 2004ರ ಕಾಯ್ದೆಯಡಿ ಕ್ರಮ ಕೈಗೊಳ್ಳುವಂಥದ್ದೇನೂ ಕಂಡುಬಂದಿಲ್ಲವೆಂದು 2019ರ ಆರಂಭದಲ್ಲಿ ವರದಿ ಕೊಟ್ಟಿತು. ಅದೇ ವರ್ಷದ ಜೂನ್‌ನಲ್ಲಿ ಕಂಪನಿಯ ಸ್ಥಾಪಕ ದುಬೈ ಸೇರಿದ. ಆತನದೆಂದು ಹೇಳಲಾದ ಒಂದು ಆಡಿಯೋ ಊರೆಲ್ಲ ಹರಿದಾಡಿತು. ಜೂನ್ 10ರಂದು ಶಿವಾಜಿನಗರದ ಕಚೇರಿಯ ಮುಂದೆ ಸಾವಿರಾರು ಮಂದಿ ನಿಂತಿದ್ದರು. ದೂರು ಬರೆದುಕೊಳ್ಳಲು ಠಾಣೆ ಸಾಲದೆ ಪೊಲೀಸರು ಒಂದು ಸಭಾಂಗಣವನ್ನೇ ತೆರೆಯಬೇಕಾಯಿತು. ಕೆಲವೇ ವಾರಗಳಲ್ಲಿ ದೂರುಗಳ ಸಂಖ್ಯೆ 40 ಸಾವಿರ ದಾಟಿತು. ಒಟ್ಟು ಹಣ ಸುಮಾರು 4 ಸಾವಿರ ಕೋಟಿ ರೂಪಾಯಿ ಎಂದರು.

ಒಂದು ದೂರೂ ಇಲ್ಲದಿದ್ದಲ್ಲಿ ಆರೇಳು ತಿಂಗಳಲ್ಲಿ 40 ಸಾವಿರ ದೂರುಗಳು ಹೇಗೆ ಬಂದವು? ಈ ಪ್ರಶ್ನೆಯನ್ನು ನಾವು ಇಂದಿಗೂ ಸರಿಯಾಗಿ ಕೇಳಿಕೊಂಡಿಲ್ಲ. ಅಧಿಕಾರಿಗಳು ಲಂಚ ತಿಂದರು ಎಂಬ ಉತ್ತರ ಸುಲಭವಾಗಿ ಸಿಕ್ಕಿತು. ಸಿಬಿಐ ಕೆಲವರ ಮೇಲೆ ಮೊಕದ್ದಮೆಯನ್ನೂ ಹೂಡಿತು. ಅದರ ಸತ್ಯಾಸತ್ಯತೆ ನ್ಯಾಯಾಲಯಕ್ಕೆ ಬಿಟ್ಟದ್ದು. ನಮ್ಮ ತಕರಾರು ಬೇರೆ. ಲಂಚದ ಮಾತನ್ನು ಪೂರ್ತಿ ಬದಿಗಿಟ್ಟರೂ, ಪ್ರಾಮಾಣಿಕ ಅಧಿಕಾರಿಯೇ ಆ ಕಡತವನ್ನು ನೋಡಿದ್ದರೂ, ಇಂದು ನಮ್ಮ ಠಾಣೆಗಳಲ್ಲಿ ವಂಚನೆಯನ್ನು ಅಳೆಯುವ ರೀತಿಯಲ್ಲಿ ಅಳೆದಿದ್ದರೆ ಅದೇ ವರದಿ ಬರುತ್ತಿತ್ತು ಎಂದು ನಮಗನ್ನಿಸುತ್ತದೆ.

ಯಾಕೆಂದರೆ ಐಎಂಎ ಕಾಗದಗಳಲ್ಲಿ ಠೇವಣಿದಾರರೇ ಇರಲಿಲ್ಲ. ಹಣ ಕೊಟ್ಟವರನ್ನು ಎಲ್‌ಎಲ್‌ಪಿ ಎಂಬ ಪಾಲುದಾರಿಕೆ ಸಂಸ್ಥೆಯ ಪಾಲುದಾರರೆಂದು ಬರೆಯಲಾಗಿತ್ತು. ತಿಂಗಳ ಕೊನೆಗೆ ಕೈಗೆ ಬರುತ್ತಿದ್ದುದು ಬಡ್ಡಿಯಲ್ಲ, ಲಾಭಾಂಶ. ಪಾಲುದಾರ ಠೇವಣಿದಾರನಲ್ಲ, ಠೇವಣಿದಾರನಿಲ್ಲದಿದ್ದರೆ ಠೇವಣಿ ಕಾಯ್ದೆ ಅನ್ವಯಿಸುವುದಿಲ್ಲ. ಕಾಗದ ಓದುವವರಿಗೆ ಇಷ್ಟು ಸಾಕು. ವ್ಯಾಪಾರದ ಲೆಕ್ಕಪುಸ್ತಕವನ್ನು ಒಮ್ಮೆಯೂ ನೋಡದ, ಒಂದು ತೀರ್ಮಾನದಲ್ಲೂ ಬಾಯಿ ತೆರೆಯದ, ಒಡವೆ ಮಾರಿ ಹಣ ತಂದು ಕೊಟ್ಟ ಆ ತಾಯಿ ಯಾವ ಅರ್ಥದಲ್ಲಿ ಪಾಲುದಾರಳು ಎಂದು ಕೇಳಬೇಕಾದರೆ ಕಾಗದದಿಂದ ತಲೆಯೆತ್ತಬೇಕು.

ಇಂಥ ವ್ಯವಹಾರದಲ್ಲಿ ಹೊಸಬರ ಹಣದಿಂದ ಹಳಬರಿಗೆ ಲಾಭ ಹಂಚಲಾಗುತ್ತದೆ. ಹಂಚಿಕೆ ನಡೆಯುತ್ತಿರುವ ತನಕ ಮೋಸ ಹೋದವನಿಗೆ ತಾನು ಮೋಸ ಹೋಗಿರುವುದೇ ತಿಳಿಯದು. ತಿಳಿದವನೂ ಬಾಯಿ ಬಿಡಲಾರ, ಬಿಟ್ಟರೆ ತನ್ನ ಅಸಲೇ ಮುಳುಗೀತು. ಆದ್ದರಿಂದ ದೂರು ಬಾರದಿರುವುದು ಇಲ್ಲಿ ನಿರ್ದೋಷತ್ವದ ಗುರುತಲ್ಲ, ವಂಚನೆ ಸುಸೂತ್ರವಾಗಿ ನಡೆಯುತ್ತಿದೆ ಎಂಬುದರ ಗುರುತು. ರೋಗಿ ನೋವೆನ್ನಲಿಲ್ಲವೆಂದು ಗಡ್ಡೆಯನ್ನು ಬಿಟ್ಟುಬಿಡುವ ವೈದ್ಯನನ್ನು ನಾವು ಏನೆಂದು ಕರೆಯುತ್ತೇವೆ?

ದೊಡ್ಡ ಕಡತದಿಂದ ಸಣ್ಣ ಠಾಣೆಗೆ ಬರೋಣ. ಮೋಸ ಹೋದವನು ಠಾಣೆಯ ಮೆಟ್ಟಿಲು ಹತ್ತಿದಾಗ ರೈಟರ್ ಕೇಳುವ ಮೊದಲ ಪ್ರಶ್ನೆ, "ಏನ್ ದಾಖಲೆ ಇದೆ?" ಬಾಂಡ್ ಪೇಪರ್ ಇದೆಯೇ, ಚೆಕ್ ಇದೆಯೇ, ಕೊಟ್ಟಾಗ ಯಾರಿದ್ದರು? ಇಲ್ಲವೆಂದರೆ, "ದಾಖಲೆ ಇಲ್ಲದೆ ಯಾಕ್ ಕೊಟ್ರಿ?" ಇದೆಯೆಂದು ತೋರಿಸಿದರೆ ಇನ್ನೊಂದು ಗಂಡಾಂತರ. "ಅಗ್ರಿಮೆಂಟ್ ಇದೆಯಲ್ಲಾ, ಹಾಗಿದ್ರೆ ಇದು ಸಿವಿಲ್, ಕೋರ್ಟಿಗೆ ಹೋಗಿ." ಕಾಗದವಿಲ್ಲದಿದ್ದರೆ ಸಾಕ್ಷ್ಯವಿಲ್ಲ, ಕಾಗದವಿದ್ದರೆ ಅಪರಾಧವಿಲ್ಲ. ಈ ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ನುಸುಳಿ ಎಫ್‌ಐಆರ್ ತನಕ ತಲುಪುವವರು ಸಾಮಾನ್ಯವಾಗಿ ಯಾರದ್ದಾದರೂ ಫೋನ್ ಮಾಡಿಸಿದವರು. ಉಳಿದವರ ಕೈಗೆ ಸಿಗುವುದು ಒಂದು ಹಿಂಬರಹ: ಪ್ರಕರಣವು ಸಿವಿಲ್ ಸ್ವರೂಪದ್ದಾಗಿದ್ದು ಸಂಬಂಧಪಟ್ಟ ನ್ಯಾಯಾಲಯದಲ್ಲಿ ಪರಿಹರಿಸಿಕೊಳ್ಳುವುದು. ಅದೂ ಸಿಗದವರಿಗೆ ಠಾಣೆಯಲ್ಲೇ ಒಂದು ರಾಜಿ ಪಂಚಾಯಿತಿ.

ಕಾನೂನು ಹೀಗೆ ಹೇಳುತ್ತದೆಯೇ? ಇಲ್ಲ. ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2013ರ ನವೆಂಬರ್ 12ರಂದು ಕೊಟ್ಟ ತೀರ್ಪು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಅಪರಾಧವೊಂದು ದೂರಿನಲ್ಲಿ ಕಂಡುಬಂದರೆ ಎಫ್‌ಐಆರ್ ದಾಖಲಿಸಲೇಬೇಕು. ದೂರು ನಂಬಲರ್ಹವೇ ಎಂದು ತೂಗಿ ನೋಡುವುದು ಆ ಹಂತದ ಕೆಲಸವಲ್ಲ. ಅಂದರೆ ದೂರುದಾರ ತರಬೇಕಾದದ್ದು ಮಾಹಿತಿ. ಸಾಕ್ಷ್ಯ ಸಂಗ್ರಹಿಸುವುದು ಪೊಲೀಸರ ಹೊಣೆ, ಅದನ್ನು ತೂಗುವುದು ನ್ಯಾಯಾಧೀಶರ ಹೊಣೆ. ನಮ್ಮ ಠಾಣೆಗಳಲ್ಲಿ ಈ ಮೂರೂ ಕೆಲಸ ರೈಟರ್ ಮೇಜಿನ ಮೇಲೆ ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತವೆ.

ಆದರೆ ಅದೇ ತೀರ್ಪು ಒಂದು ಕಿಂಡಿಯನ್ನೂ ಬಿಟ್ಟಿತು. ವಾಣಿಜ್ಯ ವ್ಯವಹಾರಕ್ಕೆ ಸಂಬಂಧಿಸಿದ ಅಪರಾಧಗಳಲ್ಲಿ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ನಡೆಸಬಹುದು ಎಂದಿತು. ಆ ವಿಚಾರಣೆಯೂ ದೂರಿನ ನಿಜ ಸುಳ್ಳು ನೋಡುವುದಕ್ಕಲ್ಲ, ಅಪರಾಧದ ಅಂಶವಿದೆಯೇ ಎಂದು ತಿಳಿಯುವುದಕ್ಕಷ್ಟೇ. ಅವಧಿಯನ್ನೂ ಕಟ್ಟಿಹಾಕಿತು, ಮೊದಲು 7 ದಿನ, ಮುಂದೆ 2014ರಲ್ಲಿ ತಿದ್ದಿ ಸಾಮಾನ್ಯವಾಗಿ 15 ದಿನ. ಈ ಕಿಂಡಿಯೇ ಇಂದು ಹೆಬ್ಬಾಗಿಲಾಗಿದೆ. ಹಣ ಎಂಬ ಶಬ್ದ ದೂರಿನಲ್ಲಿದ್ದರೆ ಸಾಕು, ಅದು 'ಅರ್ಜಿ'ಯಾಗಿ ಬದಲಾಗುತ್ತದೆ. ಅರ್ಜಿಗೆ ತಿಂಗಳುಗಟ್ಟಲೆ ಓಡಾಟ. ಅಷ್ಟರಲ್ಲಿ ಎದುರು ಪಕ್ಷಕ್ಕೆ ಠಾಣೆಯಿಂದಲೇ ಕರೆ ಹೋಗಿರುತ್ತದೆ, ಅವನು ಬ್ಯಾಂಕ್ ಖಾತೆ ಖಾಲಿ ಮಾಡಿರುತ್ತಾನೆ.

2024ರ ಜುಲೈ 1ರಿಂದ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆ 173ನೇ ಕಲಮಿನಲ್ಲಿ ಪ್ರಾಥಮಿಕ ವಿಚಾರಣೆಯನ್ನು ಬರಹದಲ್ಲೇ ತಂದಿದೆ. ಡಿವೈಎಸ್ಪಿ ದರ್ಜೆಯ ಅಧಿಕಾರಿಯ ಅನುಮತಿ ಬೇಕು, 14 ದಿನದಲ್ಲಿ ಮುಗಿಯಬೇಕು, ಮೂರು ವರ್ಷ ಅಥವಾ ಹೆಚ್ಚು ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಹಳೆಯ 420, ಅಂದರೆ ಈಗಿನ ನ್ಯಾಯ ಸಂಹಿತೆಯ 318(4), ಏಳು ವರ್ಷದ ತನಕ ಶಿಕ್ಷೆಯುಳ್ಳದ್ದು. ಅಕ್ಷರಶಃ ಓದಿದರೆ ಅದು ಈ ಕಲಮಿನೊಳಗೆ ಬರುವುದೇ ಇಲ್ಲ. ಮೇಜಿನ ಆಚೆ ಕುಳಿತವರು ಅಷ್ಟು ಸೂಕ್ಷ್ಮವಾಗಿ ಓದುತ್ತಾರೆಯೇ ಎಂಬುದು ಬೇರೆ ಮಾತು.

ಪೊಲೀಸರ ಪಕ್ಷದಲ್ಲೂ ಒಂದು ಸತ್ಯವಿದೆ. ಕೈಸಾಲ ವಸೂಲಿಗೆ ಠಾಣೆಯನ್ನು ಬಳಸುವವರು ಕಡಿಮೆಯೇನಿಲ್ಲ. ಸಿವಿಲ್ ವ್ಯಾಜ್ಯಗಳನ್ನು ಕ್ರಿಮಿನಲ್ ಮಾಡುತ್ತಿದ್ದೀರಿ ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಪೊಲೀಸರಿಗೆ ಕಟುವಾಗಿಯೇ ಹೇಳಿತು. ಸಾಲ ಪಡೆದವನು ಕೊಡಲಾಗದೆ ಹೋಗುವುದು ಅಪರಾಧವಲ್ಲ. ಕೊಡುವ ಉದ್ದೇಶವೇ ಇಲ್ಲದೆ ಪಡೆದಿದ್ದರೆ ಅಪರಾಧ. ಮೋಸದ ಉದ್ದೇಶ ಮಾತು ಕೊಟ್ಟ ಕ್ಷಣದಲ್ಲೇ ಇರಬೇಕು ಎಂದು ನ್ಯಾಯಾಲಯಗಳು ಹಲವು ಸಲ ಹೇಳಿವೆ. ಸರಿ. ಆದರೆ ಮನಸ್ಸಿನೊಳಗಿನ ಉದ್ದೇಶಕ್ಕೆ ದೂರುದಾರನ ಜೇಬಿನಲ್ಲಿ ಯಾವ ರಸೀದಿ ಇರಲು ಸಾಧ್ಯ?

ಉಳ್ಳಾಲದಿಂದ ಭಟ್ಕಳದ ತನಕ ನಮ್ಮ ಕರಾವಳಿಯ ಮನೆಗಳಿಗೆ ಪರಿಚಿತವಾದ ಒಂದು ಉದಾಹರಣೆ ನೋಡಿ. ಏಜೆಂಟೊಬ್ಬ ಗಲ್ಫ್‌ನಲ್ಲಿ ಡ್ರೈವರ್ ಕೆಲಸವೆಂದು ಹಣ ಪಡೆದು ವಿಸಿಟ್ ವೀಸಾದಲ್ಲಿ ಹುಡುಗನನ್ನು ವಿಮಾನ ಹತ್ತಿಸುತ್ತಾನೆ. ಅಲ್ಲಿ ಕೆಲಸವೂ ಇಲ್ಲ, ಮಾಲೀಕನೂ ಇಲ್ಲ. ಮನೆಯವರು ಠಾಣೆಗೆ ಹೋದರೆ ಕೇಳುವುದು ಹಣ ಕೊಟ್ಟ ರಸೀದಿ. ಏಜೆಂಟ್ ರಸೀದಿ ಕೊಟ್ಟಿರುವುದಿಲ್ಲ, ಯಾಕೆಂದರೆ ಆ ವ್ಯವಹಾರವೇ ಕದ್ದುಮುಚ್ಚಿ ನಡೆದದ್ದು. ಆದರೆ 1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ ನೋಂದಣಿ ಪ್ರಮಾಣಪತ್ರವಿಲ್ಲದೆ ವಿದೇಶಕ್ಕೆ ಜನರನ್ನು ನೇಮಿಸುವಂತಿಲ್ಲ. ಈತನ ಹೆಸರು ನೋಂದಾಯಿತ ಏಜೆಂಟರ ಪಟ್ಟಿಯಲ್ಲಿದೆಯೇ ಎಂಬುದನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಲು ಎಷ್ಟು ಹೊತ್ತು ಬೇಕು? ಇಲ್ಲದ ಅಧಿಕಾರವನ್ನು ಇದೆಯೆಂದು ನಂಬಿಸಿದ್ದು, ವಿಸಿಟ್ ವೀಸಾವನ್ನು ಕೆಲಸದ ವೀಸಾ ಎಂದದ್ದು, ಅದೇ ತಿಂಗಳು ಇನ್ನೂ ನಾಲ್ಕು ಮನೆಯಿಂದ ಹಣ ಎತ್ತಿದ್ದು: ಉದ್ದೇಶಕ್ಕೆ ಸಾಕ್ಷ್ಯ ಇಲ್ಲಿದೆ. ಇದರಲ್ಲಿ ಒಂದೂ ದೂರುದಾರನ ಕೈಯಲ್ಲಿಲ್ಲ, ಎಲ್ಲವೂ ಪೊಲೀಸರ ಕೈಗೆಟಕುವಲ್ಲಿದೆ.

ಆನ್‌ಲೈನ್ ವಂಚನೆಯಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆ. 1930ಕ್ಕೆ ಕೂಡಲೇ ಕರೆ ಮಾಡಿದರೆ ಹಣ ತಡೆಹಿಡಿಯುವ ಅವಕಾಶವಿದೆ. ಬ್ಯಾಂಕಿನ ದಾಖಲೆ ತಾನಾಗಿಯೇ ಉಳಿದಿರುತ್ತದೆ. ಇದನ್ನು ನೋಡಿದಾಗ ನಮಗೊಂದು ವಿಚಿತ್ರ ಹೊಳೆಯುತ್ತದೆ. ಮುಖ ಕಾಣದ ಕಳ್ಳನಿಗೆ ಫೋನಿನಲ್ಲಿ ಹಣ ಕಳಿಸಿದವನ ದೂರು, ಮಸೀದಿಯ ಅದೇ ಸಾಲಿನಲ್ಲಿ ನಮಾಝ್ ಮಾಡುವ ಪರಿಚಿತನಿಗೆ ಕೈಯಾರೆ ಕೊಟ್ಟವನ ದೂರಿಗಿಂತ ಗಟ್ಟಿ. ವಿಶ್ವಾಸದಿಂದ ಕೊಟ್ಟದ್ದಕ್ಕೇ ಠಾಣೆಯಲ್ಲಿ ತೂಕ ಕಡಿಮೆ.

ಇಲ್ಲಿ ನಾವು ನಮ್ಮನ್ನೂ ಸೇರಿಸಿ ಮಾತನಾಡಬೇಕು. ಐಎಂಎಯ ವಿಷಯದಲ್ಲಿ ಸಾಕ್ಷ್ಯವನ್ನು ತಪ್ಪಾಗಿ ತೂಗಿದವರು ಪೊಲೀಸರು ಮಾತ್ರವೇ? ಹಲಾಲ್ ಎಂಬ ಪದ ಕೇಳಿದೊಡನೆ ನಾವು ಲೆಕ್ಕ ಕೇಳುವುದನ್ನು ಬಿಟ್ಟೆವು. ಶಿವಾಜಿನಗರದ ಸರ್ಕಾರಿ ಶಾಲೆಯನ್ನು ಕಂಪನಿ ಚೆಂದಗಾಣಿಸಿದ್ದು ನಮಗೆ ಅದರ ಪ್ರಾಮಾಣಿಕತೆಗೆ ಸಾಕ್ಷ್ಯವಾಗಿ ಕಂಡಿತು. ವೇದಿಕೆಯಲ್ಲಿ ಪಕ್ಕ ಕುಳಿತ ನಾಯಕರು, ಧರ್ಮಪಂಡಿತರು ಸಾಕ್ಷಿಗಳಂತೆ ಕಂಡರು. ಸಂದೇಹ ಎತ್ತಿದವರಿಗೆ ಸಮುದಾಯದವನೊಬ್ಬ ಮುಂದೆ ಬರುವುದನ್ನು ಸಹಿಸಲಾರದವರು ಎಂಬ ಬಿರುದು ಸಿಕ್ಕಿತು. ಅಧಿಕಾರಿಗಳ ಮುಂದೆ ದೂರು ಬಾರದೆ ಹೋದದ್ದರಲ್ಲಿ ಈ ಬಿರುದಿನ ಭಯವೂ ಸೇರಿತ್ತು ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ಸ್ಥಾಪಕನನ್ನು 2019ರ ಜುಲೈಯಲ್ಲಿ ದೆಹಲಿಯಲ್ಲಿ ಬಂಧಿಸಿದಾಗ ಆತನನ್ನು ಅತಿ ಹೆಚ್ಚು ಬೈದವರಲ್ಲಿ ಹಿಂದಿನ ದಿನಗಳಲ್ಲಿ ಆತನನ್ನು ಹೊಗಳಿದವರೂ ಇದ್ದರು.

ಕುರ್‌ಆನ್‌ನ ಅತಿ ದೀರ್ಘ ಸೂಕ್ತ ಅಲ್ ಬಕರಃ ಅಧ್ಯಾಯದ 282ನೆಯದು. ಅದರ ವಿಷಯ ನಮಾಝ್ ಅಲ್ಲ, ಉಪವಾಸವಲ್ಲ. ಅವಧಿ ನಿಗದಿಪಡಿಸಿದ ಸಾಲದ ವ್ಯವಹಾರವನ್ನು ಬರೆದಿಡುವುದು, ಬರೆಯುವವನು ನ್ಯಾಯವಾಗಿ ಬರೆಯುವುದು, ಸಾಕ್ಷಿಗಳನ್ನು ನಿಲ್ಲಿಸುವುದು, ಸಾಕ್ಷಿ ಹೇಳಲು ಕರೆದಾಗ ಹಿಂಜರಿಯದಿರುವುದು. ಮೊತ್ತ ಚಿಕ್ಕದೆಂದು ಉದಾಸೀನ ಮಾಡಬಾರದೆಂಬ ಎಚ್ಚರವೂ ಅದರಲ್ಲಿದೆ. ನಮ್ಮಲ್ಲಿ ಇದನ್ನು ಓದದವರು ಕಡಿಮೆ. ಆದರೆ ಭಾವ, ಮಾವ, ಸ್ನೇಹಿತನ ಬಳಿ ಬರೆಹ ಕೇಳಿದರೆ ಮುಖ ಕೆಡುತ್ತದೆಂದು ಸುಮ್ಮನಾಗುವವರೇ ಹೆಚ್ಚು.

ಬರೆಯದಿದ್ದುದು ಹೂಡಿದವನ ಎಡವಟ್ಟು. ಒಪ್ಪೋಣ. ಆದರೆ ಎಡವಟ್ಟಿಗೆ ಶಿಕ್ಷೆ ವಿಧಿಸುವುದು ಠಾಣೆಯ ಕೆಲಸವಲ್ಲ. "ದುರಾಸೆಗೆ ಬಿದ್ದು ಕೊಟ್ಟಿರಿ, ಅನುಭವಿಸಿ" ಎಂದು ಹೇಳುವ ಅಧಿಕಾರಿಗೆ ಕಾನೂನಿನ ಯಾವ ಕಲಮಿನ ಆಧಾರವೂ ಇಲ್ಲ. ಬಾಗಿಲಿಗೆ ಬೀಗ ಹಾಕದ ಮನೆಯಲ್ಲಿ ಕಳ್ಳತನವಾದರೆ ಅದು ಕಳ್ಳತನವೇ.

ಹಿಂಬರಹ ಹಿಡಿದು ಮನೆಗೆ ಬರುವವರಿಗೆ ದಾರಿ ಪೂರ್ತಿ ಮುಚ್ಚಿಲ್ಲ. 173ನೇ ಕಲಮಿನಂತೆ ದೂರಿನ ಸಾರವನ್ನು ಅಂಚೆಯಲ್ಲಿ ಎಸ್ಪಿಗೆ ಕಳಿಸಬಹುದು. ಅಲ್ಲೂ ಆಗದಿದ್ದರೆ 175(3)ರಡಿ ಪ್ರಮಾಣಪತ್ರದ ಸಮೇತ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಎಫ್‌ಐಆರ್ ಆದರೆ ಅದರ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರನ ಹಕ್ಕು. ತನಿಖೆ ಮುಗಿಸಿ ಬಿ ರಿಪೋರ್ಟ್ ಹಾಕಿದರೆ ಅದಕ್ಕೆ ತಕರಾರು ಸಲ್ಲಿಸಬಹುದು. ನಮ್ಮ ಜಮಾಅತ್‌ಗಳಲ್ಲಿ ಮದುವೆ, ತಲಾಖ್ ಕಡತಗಳಿಗೆ ಕೊಡುವ ಸಮಯದಲ್ಲಿ ಸ್ವಲ್ಪವನ್ನು ಇಂಥ ಒಂದು ದೂರನ್ನು ಸರಿಯಾಗಿ ಬರೆದುಕೊಡುವುದಕ್ಕೆ ಇಡಬಹುದು: ಯಾವ ದಿನ, ಎಲ್ಲಿ, ಯಾರ ಮುಂದೆ, ಏನೆಂದು ನಂಬಿಸಿ ಹಣ ಪಡೆದ, ಆ ಮಾತು ಅಂದೇ ಸುಳ್ಳಾಗಿತ್ತೆಂಬುದು ಹೇಗೆ ತಿಳಿಯಿತು. ಕೊನೆಯ ಪ್ರಶ್ನೆಗೆ ಉತ್ತರವಿರುವ ದೂರನ್ನು ಸಿವಿಲ್ ಎಂದು ಹಿಂದಿರುಗಿಸುವುದು ರೈಟರ್‌ಗೆ ಅಷ್ಟು ಸುಲಭವಲ್ಲ.