ಶಸ್ತ್ರಚಿಕಿತ್ಸೆಯ ಮೇಜೂ ವಾರ್ಡಿನ ಅಳತೆಗೋಲೂ

ರೋಗಿಗೆ ಹಾಸಿಗೆಹುಣ್ಣಾಗುವ ಅಪಾಯವೆಷ್ಟೆಂಬುದನ್ನು ಅಂಕಗಳಿಂದ ಎಣಿಸುವ ಪದ್ಧತಿಯು, ಇಂಗ್ಲೆಂಡಿನ ಡೊರೀನ್ ನಾರ್ಟನ್ ಎಂಬ ದಾದಿ ತನ್ನ ಸಹೋದ್ಯೋಗಿಗಳೊಡನೆ ವೃದ್ಧರ ಶುಶ್ರೂಷೆಯನ್ನು ಪರಿಶೀಲಿಸಿ ೧೯೬೨ರಲ್ಲಿ ಪ್ರಕಟಿಸಿದ ಮಾನದಿಂದ ನೆಲೆಗೊಂಡಿತು. ೧೯೮೭ರಲ್ಲಿ ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಅವರ ಮಾನವು ಅದನ್ನು ಲೋಕಪ್ರಸಿದ್ಧಗೊಳಿಸಿತು. ಸ್ಪರ್ಶಪ್ರಜ್ಞೆ, ಚರ್ಮದ ತೇವ, ನಡೆದಾಟ, ಮಗ್ಗುಲು ಬದಲಿಸುವ ಶಕ್ತಿ, ಆಹಾರ, ಚರ್ಮದ ತಿಕ್ಕಾಟ ಎಂಬ ಆರಕ್ಕೆ ಕೊಟ್ಟ ಅಂಕಗಳ ಮೊತ್ತ ೬ರಿಂದ ೨೩ರವರೆಗೆ ಇರುವುದು. ಅದು ೧೮ನ್ನು ಮೀರದಿದ್ದರೆ ಅಪಾಯವುಂಟೆಂದು ಸಾಮಾನ್ಯವಾಗಿ ಗಣಿಸುವರು. ವಾರ್ಡಿನಲ್ಲಿ ಇದರಿಂದಾದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯೇ ಸರಿ. ಆದರೆ ಈ ಅಂಕವೊಂದನ್ನೇ ನಂಬಿ ರೋಗಿಯನ್ನು ಆಪರೇಷನ್ ಥಿಯೇಟರಿಗೆ ಕಳುಹಿಸುವ ವಾಡಿಕೆ ವಿವೇಕಸಮ್ಮತವೆಂದು ನನಗೆ ತೋರದು.

ಬೆಳಗ್ಗೆ ತಾನೇ ನಡೆದುಬಂದು ಪೂರ್ಣಾಂಕ ಪಡೆದ ತರುಣನೂ, ಕೋಲೂರಿಕೊಂಡು ಬಂದ ವೃದ್ಧೆಯೂ ಅರಿವಳಿಕೆಗೆ ಒಳಗಾದ ಮೇಲೆ ಸಮಾನವಾಗಿ ನಿಶ್ಚಲರು. ನೋವಿನಿಂದ ಎಚ್ಚೆತ್ತು ಹೊರಳುವ ದೇಹಸಹಜವಾದ ರಕ್ಷಣೆ ಇಬ್ಬರಿಗೂ ಇಲ್ಲ. ಅಲ್ಲಿ ಗಣ್ಯವಾಗುವುದು ಮೇಜಿನ ಮೇಲೆ ಕಳೆದ ಹೊತ್ತು, ಮಲಗಿಸಿದ ಭಂಗಿ, ರಕ್ತದೊತ್ತಡದ ಕುಸಿತ, ಮೈಯ ತಣ್ಣಗಾಗುವಿಕೆ. ಅಂಗಾತ ಮಲಗಿದವನಿಗೆ ತಲೆಯ ಹಿಂಬದಿ, ಸೊಂಟದ ಕೆಳಗಣ ತ್ರಿಕಾಸ್ಥಿ, ಹಿಮ್ಮಡಿಗಳು ಭಾರ ಹೊತ್ತರೆ, ಬೆನ್ನೆಲುಬಿನ ಚಿಕಿತ್ಸೆಗಾಗಿ ಬೋರಲು ಮಲಗಿದವನಿಗೆ ಹಣೆ, ಗಲ್ಲ, ಎದೆ, ಮಂಡಿಗಳು ಹೊರುತ್ತವೆ. ಅಲ್ಪಕಾಲದ ತೀವ್ರ ಒತ್ತಡದಷ್ಟೇ ದೀರ್ಘಕಾಲದ ಸೌಮ್ಯ ಒತ್ತಡವೂ ಹುಣ್ಣಿಗೆ ಕಾರಣವಾಗಬಲ್ಲುದೆಂದು ಮೈಕೇಲ್ ಕೋಸಿಯಾಕ್ ನಾಯಿಗಳ ಮೇಲಿನ ಪ್ರಯೋಗಗಳಿಂದ ೧೯೫೯ರಲ್ಲೇ ತೋರಿಸಿದ್ದನು. ಇಷ್ಟಾಗಿಯೂ ಬ್ರೇಡನ್ ಮಾನದಲ್ಲಿ ಹೊತ್ತಿಗೆ ಸ್ಥಾನವಿಲ್ಲ.

ಈ ಕೊರತೆಯನ್ನು ನೀಗಲೆಂದೇ ಹುಟ್ಟಿದ ಸ್ಕಾಟ್ ಸೂಚಕಗಳು ವಯಸ್ಸು, ಪೌಷ್ಟಿಕತೆ, ಅರಿವಳಿಕೆ ವೈದ್ಯರು ಗೊತ್ತುಮಾಡುವ ದೇಹಸ್ಥಿತಿಯ ದರ್ಜೆ ಮತ್ತು ಚಿಕಿತ್ಸೆಯ ಅಂದಾಜು ಅವಧಿ ಇಷ್ಟನ್ನೇ ನೋಡುತ್ತವೆ. ಸಂಕ್ಷಿಪ್ತತೆ ಇವುಗಳ ಗುಣ. ಆದರೆ ಎರಡು ಗಂಟೆಯೆಂದು ಹೇಳಿದ ಚಿಕಿತ್ಸೆ ಐದು ಗಂಟೆಗೆ ಮುಗಿಯುವುದು ಅಪರೂಪವೇನಲ್ಲ. ಕಸೆಂಡ್ರಾ ಮನ್ರೊ ೨೦೧೦ರಲ್ಲಿ ಮಂಡಿಸಿದ ಮಾನ ಶಸ್ತ್ರಚಿಕಿತ್ಸೆಯ ಮೊದಲು, ನಡುವೆ, ಅನಂತರ ಹೀಗೆ ಮೂರು ಘಟ್ಟಗಳಲ್ಲಿ ಅಂಕಗಳನ್ನು ಕೂಡಿಸುತ್ತ ಹೋಗುತ್ತದೆ. ತುಂಬಬೇಕಾದ ವಿವರಗಳು ಹೆಚ್ಚು, ಥಿಯೇಟರಿನ ದಾದಿಗೆ ಬಿಡುವು ಕಡಮೆ; ಅಂತಿಮ ಮೊತ್ತವಂತೂ ದೊರೆಯುವುದು ಗಾಯಕ್ಕೆ ಹೊಲಿಗೆ ಬಿದ್ದ ಮೇಲೆ. ಹಾಗಿದ್ದೂ ನನಗೆ ಇದೇ ಹೆಚ್ಚು ಗ್ರಾಹ್ಯ.

ಏಕೆಂದರೆ ಮೇಜಿನ ಮೇಲೆ ಆರಂಭವಾದ ಆಳದ ಕ್ಷತಿ ಬಹುಮಟ್ಟಿಗೆ ಎರಡು ಮೂರು ದಿನಗಳಾದ ಮೇಲೆ, ವಾರ್ಡಿನಲ್ಲಿ, ನೇರಳೆ ಕಲೆಯಾಗಿ ತಲೆದೋರುವುದು. ಮೂಳೆಯ ಮೇಲಣ ಮಾಂಸಖಂಡ ಮೊದಲು ನಷ್ಟವಾಗಿ ಚರ್ಮ ತಡವಾಗಿ ಸಾಕ್ಷಿ ನುಡಿಯುತ್ತದೆ. ಹಾಸಿಗೆಹುಣ್ಣನ್ನು ಶುಶ್ರೂಷೆಯ ದೋಷವೆಂದು ಫ್ಲಾರೆನ್ಸ್ ನೈಟಿಂಗೇಲ್ ೧೮೫೯ರಲ್ಲಿ ಬರೆದಂದಿನಿಂದ ಆರೋಪವು ಕಲೆ ಕಂಡ ದಿನದ ದಾದಿಯನ್ನೇ ಹುಡುಕಿಕೊಂಡು ಹೋಗುವುದು ರೂಢಿಯಾಗಿದೆ. ನಾಡಿಯನ್ನೂ ರಕ್ತದೊತ್ತಡವನ್ನೂ ಐದೈದು ನಿಮಿಷಕ್ಕೊಮ್ಮೆ ಬರೆದಿಡುವ ಕೊಠಡಿಯಿಂದ, ರೋಗಿ ಯಾವ ಭಂಗಿಯಲ್ಲಿ ಎಷ್ಟು ಗಂಟೆ ಮಲಗಿದ್ದನು, ಹಿಮ್ಮಡಿ ಮೇಜಿಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಇರಿಸಿದ್ದರೇ ಎಂಬ ಎರಡು ಸಾಲು ರೋಗಿಯೊಡನೆ ಹೊರಬಂದರೆ ವಾರ್ಡಿನ ದಾದಿ ಮೊದಲ ರಾತ್ರಿಯೇ ಅವನನ್ನು ಯಾವ ಮಗ್ಗುಲಿಗೆ ತಿರುಗಿಸಬೇಕೆಂಬುದನ್ನು ತಿಳಿದಿರುತ್ತಾಳೆ. ಮನ್ರೊ ಮಾನದ ಮೊತ್ತಕ್ಕಿಂತ, ಮೂರು ಘಟ್ಟಗಳ ವಿವರಗಳನ್ನು ಹೊತ್ತು ರೋಗಿಯೊಡನೆ ವಾರ್ಡಿಗೆ ಬರಬಲ್ಲ ಅದರ ಹಾಳೆಯೇ ನನ್ನ ಗಣನೆಯಲ್ಲಿ ಹೆಚ್ಚಿನ ಬೆಲೆಯುಳ್ಳದ್ದು.