ಮರಳಿ ಬಾರದ ವೈದ್ಯ, ಅಲ್ಲಿಯೇ ಉಳಿದ ಪತ್ನಿ

ಆಧುನಿಕ ಚೀನದ ಮಾತು ಬಂದಾಗಲೆಲ್ಲ ನಮ್ಮವರ ಕಣ್ಣ ಮುಂದೆ ಮೂರು ಚಿತ್ರಗಳು ಬಂದು ನಿಲ್ಲುತ್ತವೆ. ಮೊದಲನೆಯದು, ಸೊಲ್ಲಾಪುರದಿಂದ ಹೊರಟು ಚೀನದ ಗಾಯಾಳುಗಳ ಶುಶ್ರೂಷೆಯಲ್ಲಿ ಪ್ರಾಣ ಸವೆಸಿದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರದು. ಎರಡನೆಯದು 1962ರ ಯುದ್ಧದ್ದು. ಮೂರನೆಯದು, 1960ರ ದಶಕದಲ್ಲಿ ಬೈಲಕುಪ್ಪೆ ಮುಂಡಗೋಡುಗಳಲ್ಲಿ ನೆಲೆಯೂರಿದ ಟಿಬೆಟಿನ ನಿರಾಶ್ರಿತರದು. ಈ ಮೂರನ್ನೂ ಬೇರೆ ಬೇರೆ ಗೋಡೆಗಳಿಗೆ ತೂಗುಹಾಕಿ, ಆಯಾ ಹೊತ್ತಿಗೆ ಒಪ್ಪುವ ಒಂದರ ಮುಂದೆ ನಿಂತು ಭಾಷಣ ಮಾಡುವುದು ನಮಗೆ ರೂಢಿಯಾಗಿದೆ. ಮೊದಲನೆಯ ಚಿತ್ರವನ್ನು ಬರೆದುಕೊಟ್ಟ ಎರಡು ಕೃತಿಗಳನ್ನು ಇಲ್ಲಿ ಪರಿಶೀಲಿಸಬೇಕೆಂದಿದ್ದೇನೆ. ಒಂದು, ಖ್ವಾಜಾ ಅಹ್ಮದ್ ಅಬ್ಬಾಸರು 1944ರಲ್ಲಿ ಇಂಗ್ಲಿಷಿನಲ್ಲಿ ಹೊರತಂದ ‘ಅಂಡ್ ಒನ್ ಡಿಡ್ ನಾಟ್ ಕಮ್ ಬ್ಯಾಕ್’ ಎಂಬ ಪುಸ್ತಕ. ಇನ್ನೊಂದು, ಅದನ್ನೇ ಆಧಾರವಾಗಿಟ್ಟುಕೊಂಡು ವಿ. ಶಾಂತಾರಾಮರು ತಾವೇ ನಾಯಕರಾಗಿ ನಟಿಸಿ 1946ರಲ್ಲಿ ತೆರೆಗೆ ತಂದ ‘ಡಾ. ಕೋಟ್ನೀಸ್ ಕೀ ಅಮರ್ ಕಹಾನೀ’.

ಘತ್ತರಗಿಯ ಕಡೆಯವರಾದ ನಮಗೆ ಸೊಲ್ಲಾಪುರ ಪರಸ್ಥಳವೇನೂ ಅಲ್ಲ. ಪಂಢರಪುರವನ್ನು ಬಳಸಿಕೊಂಡು ಬರುವ ಭೀಮೆಯೇ ಭಾಗ್ಯವಂತಿಯ ಗುಡಿಯ ಬಳಿಯಲ್ಲೂ ಹರಿಯುತ್ತಾಳೆ. ಕನ್ನಡ ಓದಿದವರಿಗಂತೂ ಆ ಊರು ಸಿದ್ಧರಾಮನ ಸೊನ್ನಲಿಗೆ. ಆದುದರಿಂದ ಕೋಟ್ನೀಸರು ಮರಾಠಿ ಮನೆತನದವರಾದರೂ ಅವರ ಕಥೆಯನ್ನು ನೆರೆಮನೆಯವರ ಕಥೆಯೆಂದೇ ನಾನು ಓದುತ್ತ ಬಂದಿದ್ದೇನೆ. ನೆರೆಮನೆಯವರ ವಿಷಯದಲ್ಲಿ ಅಭಿಮಾನ ಹೇಗೋ ಹಾಗೆ ವಿಮರ್ಶೆಯ ಸಲಿಗೆಯೂ ಇರುತ್ತದೆಯಲ್ಲವೆ?

ಕಥೆಯ ಹಂದರ ಎಲ್ಲರಿಗೂ ತಿಳಿದದ್ದೆ. ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಕ್ಕೆ ಕಾಂಗ್ರೆಸ್ಸು 1938ರಲ್ಲಿ ಐವರು ವೈದ್ಯರನ್ನು ಕಳುಹಿಸಿತು. ಅಟಲ್, ಚೋಳ್ಕರ್, ಬಸು, ಮುಖರ್ಜಿ ಇವರೊಡನೆ ಹೊರಟ ಕೋಟ್ನೀಸರಿಗೆ ಆಗ ಇಪ್ಪತ್ತೆಂಟು ವಯಸ್ಸು. 1939ರಲ್ಲಿ ಕಮ್ಯೂನಿಸ್ಟರ ನೆಲೆಯಾದ ಯೆನಾನನ್ನು ತಲುಪಿ, ಮುಂದೆ ಯುದ್ಧರಂಗದ ಹಳ್ಳಿಗಳಿಗೆ ಹೋದರು. 1941ರಲ್ಲಿ ಬೆಥೂನ್ ಹೆಸರಿನ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾದರು. ಅದೇ ವರ್ಷ ನರ್ಸಿಂಗ್ ಶಿಕ್ಷಕಿಯಾಗಿದ್ದ ಗುವೊ ಚಿಂಗ್‌ಲಾನ್ ಅವರ ಕೈಹಿಡಿದರು. 1942ರಲ್ಲಿ ಗಂಡು ಮಗುವಾಯಿತು. ಭಾರತ ಮತ್ತು ಚೀನಗಳೆರಡರ ಹೆಸರನ್ನೂ ಕೂಡಿಸಿ ಅದಕ್ಕೆ ಯಿನ್‌ಹುವಾ ಎಂದು ಹೆಸರಿಟ್ಟರು. ಅದೇ ವರ್ಷ ಕಮ್ಯೂನಿಸ್ಟ್ ಪಕ್ಷವನ್ನು ಸೇರಿದರು. ಡಿಸೆಂಬರ್ 9ರಂದು ಅಪಸ್ಮಾರದಿಂದ ತೀರಿಕೊಂಡರು. ವಯಸ್ಸು ಮೂವತ್ತೆರಡು.

ಅಬ್ಬಾಸರದು ಪತ್ರಕರ್ತನ ಲೇಖನಿ. ಮರಳಿ ಬಂದ ಡಾಕ್ಟರ್ ಬಸು ಅವರಿಂದ ತಿಳಿದ ಸಂಗತಿಗಳು ಅದರಲ್ಲಿ ಬಿಸಿಯಾಗಿಯೇ ಇಳಿದಿವೆ. ಆದರೆ ಪುಸ್ತಕದ ಹೆಸರೇ ಹೇಳುವಂತೆ ಅದರ ದೃಷ್ಟಿ ನಾಟಿರುವುದು ಮರಳಿ ಬಾರದವನ ಮೇಲೆ. ಚಿತ್ರವು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಅಪಸ್ಮಾರದ ಸಾವು ಪರದೆಗೆ ಸಾಲದೆಂದು ತೋರಿರಬೇಕು. ಅಲ್ಲಿ ನಾಯಕನು ಮಹಾಮಾರಿಯೊಡನೆ ಹೋರಾಡಿ, ಶತ್ರುವಿನ ಸೆರೆಯಿಂದ ಪಾರಾಗಿ, ಆ ಮಾರಿಗೇ ಬಲಿಯಾಗುತ್ತಾನೆ. ಇದು ಕವಿಸಮಯವೆಂದು ಕ್ಷಮಿಸಬಹುದು. ಆದರೆ ಕೊನೆಯಲ್ಲಿ ಜಯಶ್ರೀಯವರು ನಟಿಸಿರುವ ಆ ಚೀನೀ ಪತ್ನಿ ಮಗುವನ್ನೆತ್ತಿಕೊಂಡು ಸೊಲ್ಲಾಪುರದ ಮನೆಯ ಹೊಸಿಲಿಗೆ ಬರುತ್ತಾಳೆ. ನೋಡುವವರ ಕಣ್ಣು ತೇವವಾಗುತ್ತದೆ, ನನ್ನದೂ ಆಗಿದೆ. ಚಿತ್ರದ ಮುಖ್ಯ ದೋಷವಿರುವುದು ಈ ದೃಶ್ಯದಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಸೊಸೆ ಮನೆಗೆ ಬಂದಳೆಂದರೆ ಕಥೆ ಮುಗಿಯಿತು. ಚೀನ ಮುಂದೇನಾಯಿತೆಂದು ಕೇಳುವ ಗೊಡವೆಯೇ ಇಲ್ಲ.

ನಿಜದಲ್ಲಿ ಆ ತಾಯಿ ಚೀನದಲ್ಲಿಯೇ ಉಳಿದರು. ಮುಂದೆ ಹಲವು ಬಾರಿ ಭಾರತಕ್ಕೆ ಅತಿಥಿಯಾಗಿ ಬಂದು ಹೋದರು. 2012ರಲ್ಲಿ, ತೊಂಬತ್ತಾರರ ಪ್ರಾಯದಲ್ಲಿ ತೀರಿಕೊಂಡರು. ಗಂಡನ ನಂತರ ಸುಮಾರು ಎಪ್ಪತ್ತು ವರ್ಷ! 1949ರ ಅಕ್ಟೋಬರಿನಲ್ಲಿ ಮಾವೊ ಜನತಾ ಗಣರಾಜ್ಯವನ್ನು ಘೋಷಿಸಿದಂದಿನಿಂದ ಹಿಡಿದು ಕಮ್ಯೂನಿಸ್ಟ್ ಆಳ್ವಿಕೆಯ ಅರುವತ್ತಕ್ಕೂ ಹೆಚ್ಚು ವರ್ಷಗಳನ್ನು ಬಾಳಿ ನೋಡಿದವರು ಅವರು.

ಏನು ನಡೆಯಿತು ಆ ವರ್ಷಗಳಲ್ಲಿ? 1958ರ ಆಗಸ್ಟಿನಲ್ಲಿ ಮಾವೊ ಹೆಬೇ ಪ್ರಾಂತದ ಷೂಷುಯ್‌ಗೆ ಬಂದರು. ಅಧಿಕಾರಿಗಳು ಒಪ್ಪಿಸಿದ ಸುಗ್ಗಿಯ ಲೆಕ್ಕ ಕೇಳಿ, ಇಷ್ಟೊಂದು ಧಾನ್ಯವನ್ನು ಏನು ಮಾಡುವಿರೆಂದು ಬೆರಗಾದರು. ಲೆಕ್ಕ ಸುಳ್ಳಾಗಿತ್ತು. ಅನಂತರದ ಕ್ಷಾಮದಲ್ಲಿ ದೇಶದಾದ್ಯಂತ ಸತ್ತವರ ಸಂಖ್ಯೆಯನ್ನು ವಿದ್ವಾಂಸರು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಅಂದಾಜು ಮಾಡಿದ್ದಾರೆ. ಈ ಷೂಷುಯ್, ಕೋಟ್ನೀಸರು ಕಣ್ಣುಮುಚ್ಚಿದ ತಾಂಗ್ ತಾಲ್ಲೂಕಿಗೆ ದೂರದ ಸ್ಥಳವಲ್ಲ. ಎರಡೂ ಬಾವೊಡಿಂಗ್ ಸೀಮೆಯವು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಹೊತ್ತಿಕೊಂಡಿತು. ರಿಕ್ಷಾ ಎಳೆಯುವವನ ಬಾಳನ್ನು ಕಾದಂಬರಿಯಾಗಿಸಿದ ಲಾವೊ ಷೆ, ಗುಂಪಿನ ಕೈಯಲ್ಲಿ ಪೆಟ್ಟು ತಿಂದ ಮರುದಿನವೇ ಬೀಜಿಂಗಿನ ಕೆರೆಯೊಂದರಲ್ಲಿ ಹೆಣವಾದರು. 1967ರಲ್ಲಿ, ವೈದ್ಯಕೀಯ ಓದುತ್ತಿದ್ದ ಯಿನ್‌ಹುವಾ ಅಕಾಲದಲ್ಲಿ ತೀರಿಕೊಂಡ. ಆ ಸಾವನ್ನು ಕ್ರಾಂತಿಯ ತಲೆಗೆ ಕಟ್ಟಲು ನಾನು ಹೊರಟಿಲ್ಲ. ಸೊಲ್ಲಾಪುರದ ಹೊಸಿಲನ್ನು ದಾಟಿಸಿ ಚಿತ್ರವು ಕೈತೊಳೆದುಕೊಂಡ ಆ ಮಗುವಿಗೂ ಒಂದು ಬಾಳು ಇತ್ತೆಂಬುದನ್ನು ನೆನಪಿಸುತ್ತಿದ್ದೇನೆ, ಅಷ್ಟೆ.

1944ರಲ್ಲಿ ಬರೆದ ಅಬ್ಬಾಸರು 1958ನ್ನು ಹೇಗೆ ಕಾಣಬಲ್ಲರು ಎಂದು ವಾಚಕರು ಕೇಳಬಹುದು. ಆಕ್ಷೇಪ ನ್ಯಾಯವಾದುದು. ಆದರೆ 1942ರಲ್ಲಿಯೇ ಯೆನಾನಿನಲ್ಲಿ ನಡೆದುದನ್ನು ನೋಡಿ. ಕ್ರಾಂತಿಯ ನೆಲೆಯಲ್ಲೂ ಹೆಣ್ಣಿನ ಪಾಡು ಸುಧಾರಿಸಿಲ್ಲವೆಂದು ಲೇಖಕಿ ಡಿಂಗ್ ಲಿಂಗ್ ಆ ಮಾರ್ಚಿನಲ್ಲಿ ಬರೆದರು. ಮುಂದಾಳುಗಳ ಸವಲತ್ತುಗಳನ್ನು ವಾಂಗ್ ಶಿವೇ ಕುಟುಕಿದರು. ಮೇ ತಿಂಗಳಲ್ಲಿ ಮಾವೊ, ಸಾಹಿತ್ಯವು ರಾಜಕಾರಣಕ್ಕೆ ಅಧೀನವೆಂದು ಸಾರಿದರು. ಡಿಂಗ್ ಲಿಂಗ್ ತಪ್ಪೊಪ್ಪಿಕೊಳ್ಳಬೇಕಾಯಿತು. ವಾಂಗ್ ಶಿವೇ ಸೆರೆಯಾಗಿ 1947ರಲ್ಲಿ ಕೊಲೆಯಾದರು. ನಮ್ಮ ವೈದ್ಯರು ಸೈನಿಕರ ಗಾಯಗಳನ್ನು ಹೊಲಿಯುತ್ತಿದ್ದ ಅದೇ ವರ್ಷ, ಅದೇ ಪಕ್ಷ ಲೇಖಕರ ಬಾಯನ್ನು ಹೊಲಿಯುತ್ತಿತ್ತು. ಮೊದಲು ನಿರ್ಮಲವಾಗಿದ್ದುದು ಆಮೇಲೆ ಕೆಟ್ಟಿತೆಂಬ ಸರಳ ಕಥೆ ಇಲ್ಲಿ ನಿಲ್ಲುವುದಿಲ್ಲ. ಅಬ್ಬಾಸರಿಗೆ ಇದೆಲ್ಲ ತಿಳಿಯುವ ದಾರಿಯಿರಲಿಲ್ಲವೆಂದೇ ಇಟ್ಟುಕೊಳ್ಳೋಣ. ಇಂದಿಗೂ ಅಷ್ಟಕ್ಕೇ ನಿಲ್ಲುವ ನಮಗೆ ಆ ನೆಪವಿಲ್ಲ.

ಇದಕ್ಕೆ ತಿರುವುಮುರುವಾದ ತಪ್ಪೂ ಒಂದುಂಟು. 1962ರ ಕಹಿಯಲ್ಲಿ ಕೋಟ್ನೀಸರನ್ನೇ ಮರೆತುಬಿಡುವುದು, ಚೀನವೆಂದರೆ ಒಂದು ಸೇನೆ ಮಾತ್ರವೆಂದು ತಿಳಿಯುವುದು. ಆ ಆಳ್ವಿಕೆಯಲ್ಲಿಯೇ ಅಕ್ಷರ ಹರಡಿತು. ‘ಬರಿಗಾಲಿನ ವೈದ್ಯ’ರು ಹಳ್ಳಿಹಳ್ಳಿಗೆ ನಡೆದರು. ಅದನ್ನು ಅಲ್ಲಗಳೆದರೆ ನಮ್ಮ ವಿಮರ್ಶೆಯೂ ಷೂಷುಯ್‌ನ ಲೆಕ್ಕದಂತೆಯೇ ಸುಳ್ಳಾದೀತು. ಹಾಗೆಯೇ ಇತ್ತೀಚಿನ ದಶಕಗಳಲ್ಲಿ ಚೀನದ ಮುಖಂಡರು ಭಾರತಕ್ಕೆ ಬಂದಾಗಲೆಲ್ಲ ಕೋಟ್ನೀಸರ ಮನೆಯವರನ್ನು ಕಂಡು ಗೌರವಿಸಿದ್ದಾರೆ. ಸೌಜನ್ಯಕ್ಕೆ ವಂದನೆ ಸಲ್ಲಲಿ; ಆದರೆ ಒಬ್ಬ ವೈದ್ಯನ ತ್ಯಾಗ ಯಾವ ಸರ್ಕಾರಕ್ಕೂ ಸಚ್ಚಾರಿತ್ರ್ಯದ ಪ್ರಮಾಣಪತ್ರವಾಗಲಾರದು.

ಕನ್ನಡದಲ್ಲಿ ಇಂಥ ಕಥೆಯನ್ನು ಓದುವ ಒಂದು ಮಾರ್ಗ ಹಿಂದೆಯೇ ಇದೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನ ಬಳಿಗೆ ಅಲ್ಲಮನು ಬಂದು ಅವನನ್ನು ಒಡ್ಡರಾಮನೆಂದು ಕೆಣಕಿದ ಪ್ರಸಂಗವನ್ನು ಶೂನ್ಯಸಂಪಾದನೆ ನಿರೂಪಿಸುತ್ತದೆ. ಅಲ್ಲಮನು ಕೆರೆಯನ್ನು ಒಡೆಯಲು ಬಂದವನಲ್ಲ. ಕೆರೆಯ ನೀರು ಲೋಕಕ್ಕೆ ಬೇಕು. ಕಟ್ಟಿಸಿದೆನೆಂಬ ಹಮ್ಮನ್ನು ಮಾತ್ರ ಪ್ರಶ್ನಿಸಬೇಕು. ಕೋಟ್ನೀಸರ ಕಥೆಗೆ ಅಭಿಮಾನಿಗಳು ಬೇಕಾದಷ್ಟು ಮಂದಿ ಸಿಕ್ಕಿದ್ದಾರೆ, ಅಲ್ಲಮನೊಬ್ಬ ಸಿಕ್ಕಿಲ್ಲ. ಕ್ರಾಂತಿ ಕಟ್ಟಿಸಿದ ಕೆರೆಯನ್ನೂ ಅದರ ಹಮ್ಮನ್ನೂ ಬೇರೆ ಬೇರೆಯಾಗಿ ಕಂಡು, ಮರಳಿ ಬಾರದವನಿಂದ ಆರಂಭಿಸಿ ಅಲ್ಲಿಯೇ ಉಳಿದವಳವರೆಗೂ ನಡೆಯುವ ಒಂದು ಪುಸ್ತಕ ಭೀಮೆಯ ಈ ದಂಡೆಯಿಂದಲೇ, ಕನ್ನಡದಲ್ಲಿಯೇ ಬರಲಿ ಎಂದು ನಾನು ಹಾರೈಸುತ್ತೇನೆ.