ಖಾಲಿ ಆಕಾಶದ ಹಕ್ಕಿ

ಹಾರುವ ಕಡಲ ಹಕ್ಕಿಗಳ ಫೋಟೊ ತೆಗೆಯುವ ಹವ್ಯಾಸಿಗಳು ಈಗ ಕುಂದಾಪುರದ ಕೋಡಿಯಿಂದ ಬೈಂದೂರಿನ ಸೋಮೇಶ್ವರದವರೆಗೆ ಎಲ್ಲ ದಡಗಳಲ್ಲೂ ಕಾಣಸಿಗುತ್ತಾರೆ. ಅವರ ಚಿತ್ರಗಳನ್ನು ಒಟ್ಟಿಗೆ ಹರವಿಕೊಂಡು ನೋಡಿ. ತೆಗೆದವರು ಬೇರೆ, ಹಕ್ಕಿ ಬೇರೆ, ಚಿತ್ರ ಮಾತ್ರ ಹೆಚ್ಚುಕಡಿಮೆ ಒಂದೇ. ಕಲೆಯಿಲ್ಲದ ನೀಲಿ ಹಿನ್ನೆಲೆ, ನಡುವೆ ರೆಕ್ಕೆ ಬಿಚ್ಚಿದ ಹಕ್ಕಿ, ಕಣ್ಣಿನಲ್ಲೊಂದು ಬೆಳಕಿನ ಚುಕ್ಕಿ. ನಾವುಂದದಲ್ಲಿ ತೆಗೆದದ್ದನ್ನು ನಾರ್ವೆಯದೆಂದು ಹೇಳಿದರೂ ಯಾರೂ ತಕರಾರು ತೆಗೆಯಲಾರರು. ಕೈಚಳಕದಲ್ಲಿ ಈ ಚಿತ್ರಗಳು ದೊಡ್ಡವು, ನಮ್ಮ ಕಡಲಿನ ಚಿತ್ರಗಳಾಗಿ ಬಡವು ಎಂಬುದು ನನ್ನ ವಾದ.

ಮೊದಲು ಕೈಚಳಕಕ್ಕೆ ಸಲ್ಲಬೇಕಾದದ್ದು ಸಲ್ಲಲಿ. 1882ರಲ್ಲಿ ಫ್ರಾನ್ಸಿನ ಶರೀರವಿಜ್ಞಾನಿ ಎತಿಯೆನ್ ಜೂಲ್ ಮರೇ ಬಂದೂಕಿನ ಆಕಾರದ ಕ್ಯಾಮೆರಾ ಮಾಡಿ, ಸೆಕೆಂಡಿಗೆ 12 ಚಿತ್ರಗಳಂತೆ ಹಾರುವ ಹಕ್ಕಿಗಳನ್ನು ಹಿಡಿದ. ರೆಕ್ಕೆ ಹೇಗೆ ಆಡುತ್ತದೆಂದು ತಿಳಿಯುವುದು ಅವನ ಉದ್ದೇಶ. ಇಂದಿನ ಮಿರರ್‌ಲೆಸ್ ಕ್ಯಾಮೆರಾ ಸೆಕೆಂಡಿಗೆ 20, 30 ಚಿತ್ರ ತೆಗೆಯುತ್ತದೆ. ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಬಿಡದೆ ಹಿಂಬಾಲಿಸುತ್ತದೆ. ಫಿಲ್ಮ್ ಕಾಲದಲ್ಲಿ ಟಿ.ಎನ್.ಎ. ಪೆರುಮಾಳ್ ಅವರಂಥ ನಿಷ್ಣಾತರ ಪೀಳಿಗೆಗೆ ಗೂಡಿನ ಬಳಿ ಮರೆ ಕಟ್ಟಿ ಕೂರುವುದು ರೂಢಿಯ ಕ್ರಮವಾಗಿತ್ತು. ಹಾರಾಟದ ಛಾಯಾಗ್ರಹಣ ಆ ಗೂಡಿನ ಹಂಗನ್ನು ಕಳಚಿದೆ. ಮೊಟ್ಟೆ ಮರಿಗಳ ತಂಟೆಗೆ ಹೋಗದೆ ಒಳ್ಳೆಯ ಚಿತ್ರ ಪಡೆಯುವ ದಾರಿ ಇದು.

ಇನ್ನೊಂದು ಲಾಭವೂ ಇದೆ, ಅದನ್ನು ಹವ್ಯಾಸಿಗಳೇ ಅಷ್ಟಾಗಿ ಗಮನಿಸಿಲ್ಲ. ಚಳಿಗಾಲದಲ್ಲಿ ಹೊಯ್ಗೆಯ ಮೇಲೆ ರೆಕ್ಕೆ ಮಡಚಿ ಕೂತ ಕಂದುತಲೆ ಗಲ್ ಮತ್ತು ಕರಿತಲೆ ಗಲ್‌ಗಳನ್ನು ದೂರದಿಂದ ಬೇರ್ಪಡಿಸುವುದು ಕಷ್ಟ. ಆಗ ಎರಡರ ತಲೆಯೂ ಬಿಳಿ, ಕಿವಿಯ ಬಳಿ ಒಂದು ಕಪ್ಪು ಮಚ್ಚೆ. ಹಾರಿದೊಡನೆ ಗುಟ್ಟು ರಟ್ಟಾಗುತ್ತದೆ. ಕಂದುತಲೆಯದರ ರೆಕ್ಕೆಯ ತುದಿ ಅಗಲವಾಗಿ ಕಪ್ಪು, ಅದರೊಳಗೆ ಬಿಳಿ ಕಿಟಕಿಗಳು. ಕರಿತಲೆಯದಕ್ಕೆ ರೆಕ್ಕೆಯ ಮುಂಬದಿಯ ಅಂಚಿನಲ್ಲಿ ಉದ್ದನೆಯ ಬಿಳಿ ಪಟ್ಟೆ. ಬಾಲದ ತುದಿಯಲ್ಲಿ ಕಪ್ಪು ಪಟ್ಟಿ ಇದ್ದರೆ ಅದು ಇನ್ನೂ ಎಳೆಯ ಹಕ್ಕಿ. ಲಡಾಖ್, ಟಿಬೆಟ್‌ಗಳ ಎತ್ತರದ ಸರೋವರಗಳ ಬಳಿ ಮರಿ ಮಾಡುವ ಕಂದುತಲೆ ಗಲ್ ಬೈಂದೂರಿನ ದಡಕ್ಕೆ ಬಂದಿತ್ತೆಂಬುದಕ್ಕೆ ಬಿಚ್ಚಿದ ರೆಕ್ಕೆಯ ಒಂದು ಚಿತ್ರ ಸಾಕ್ಷಿ ನಿಲ್ಲಬಲ್ಲದು. ಆದರೆ ತಾರೀಕು, ಜಾಗ ಎರಡನ್ನೂ ಬರೆಯದೆ, 'ಸ್ವಾತಂತ್ರ್ಯ' ಎಂದೋ 'ಗಗನವಿಹಾರಿ' ಎಂದೋ ಹೆಸರಿಟ್ಟು ಆ ಸಾಕ್ಷಿಯ ಬಾಯಿ ಕಟ್ಟುತ್ತೇವೆ.

ಕುಶಲತೆಯ ವಿಚಾರದಲ್ಲೂ ಊರಿನ ಪಾಠಕ್ಕಿಂತ ಪರದೇಶದ ಪಾಠವೇ ನಮಗೆ ಹೆಚ್ಚು ರೂಢಿ. ಷಟರ್ 1/2000, ಅದು ಎಲ್ಲರಿಗೂ ಬಾಯಿಪಾಠ. ಆದರೆ ಕಡಲು ಪಡುವಣಕ್ಕಿರುವ ಊರಿನಲ್ಲಿ ಯಾವ ಹೊತ್ತಿಗೆ ನಿಲ್ಲಬೇಕು? ಬೆಳಿಗ್ಗೆ ನೆಲದಿಂದ ಕಡಲಿಗೆ ಗಾಳಿ ಬೀಸುತ್ತದೆ. ಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಹಾಗಾಗಿ ಆ ಹೊತ್ತಿನಲ್ಲಿ ಅದರ ಮುಖ ದಡದ ಕಡೆಗಿರುತ್ತದೆ, ಮೂಡಣದ ಸೂರ್ಯನೂ ನಮ್ಮ ಬೆನ್ನ ಹಿಂದಿರುತ್ತಾನೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದರೆ ಎರಡೂ ತಿರುವುಮುರುವು. ಹಕ್ಕಿಯ ಬೆನ್ನು ನಮಗೆ, ಬೆಳಕು ಎದುರಿಗೆ. ನೀರಿನ ಮೇಲೆ ಒಂದೆಡೆ ರೆಕ್ಕೆ ಬಡಿಯುತ್ತ ನಿಂತು ಮೀನು ನೋಡುವ ರೀವಕ್ಕೂ, ಅಂದರೆ ಟರ್ನ್ ಹಕ್ಕಿಗೂ, ಇದೇ ಲೆಕ್ಕ. ಇಷ್ಟಿದ್ದೂ ಹೆಚ್ಚಿನವರು ದಡಕ್ಕಿಳಿಯುವುದು ಸಂಜೆ. ಸಿಗುವುದು ಕೆಂಪು ಆಕಾಶದಲ್ಲಿ ಗುರುತು ಹತ್ತದ ಕಪ್ಪು ನೆರಳು. ಬಿಳಿ ಹಕ್ಕಿಯ ಎಕ್ಸ್‌ಪೋಷರ್ ಇನ್ನೊಂದು ಪರೀಕ್ಷೆ. ಅದು ಬೆಳ್ಳಗಿನ ಆಕಾಶದಿಂದ ಕಪ್ಪು ನೀರಿನ ಮುಂದೆ ಇಳಿದರೆ ಕ್ಯಾಮೆರಾದ ಲೆಕ್ಕ ತಪ್ಪಿ ಗರಿಗಳೆಲ್ಲ ಸುಣ್ಣವಾಗುತ್ತವೆ. ಹಕ್ಕಿಯ ಬಿಳಿಗೆ ಹೊಂದಿಸಿ ಮ್ಯಾನ್ಯುಯಲ್‌ನಲ್ಲಿ ಇಟ್ಟುಕೊಂಡವರಿಗೆ ಈ ಕಾಟವಿಲ್ಲ.

ತಾಂತ್ರಿಕ ತಪ್ಪುಗಳನ್ನು ಮನ್ನಿಸಬಹುದು. ಕೂತ ಹಿಂಡನ್ನು ಓಡಿಸಿ ಹಾರಿಸುವುದನ್ನು ಮನ್ನಿಸಲಾಗದು. ಗಂಗೊಳ್ಳಿ ಅಳಿವೆಯಲ್ಲಿ ಪಂಚಗಂಗಾವಳಿ ಕಡಲು ಸೇರುವಲ್ಲಿನ ಹೊಯ್ಗೆ ದಿಬ್ಬವಿರಲಿ, ಮರವಂತೆಯ ಕಲ್ಲಿನ ತಡೆಗೋಡೆಯಿರಲಿ, ಹಕ್ಕಿ ಅಲ್ಲಿ ಕೂರುವುದು ದಣಿವಾರಿಸಿಕೊಳ್ಳಲು, ಗರಿ ತೀಡಿಕೊಳ್ಳಲು. ಸಾವಿರಾರು ಕಿಲೋಮೀಟರ್ ಹಾರಿ ಬಂದದ್ದನ್ನು ಒಬ್ಬರು ಓಡಿ ಎಬ್ಬಿಸುವುದು, ಇನ್ನೊಬ್ಬರು ಕ್ಲಿಕ್ಕಿಸುವುದು, ಇಳಿದ ಮೇಲೆ ಮತ್ತೆ ಎಬ್ಬಿಸುವುದು. ಹೀಗೆ ಬಂದ ಚಿತ್ರದಲ್ಲಿರುವುದು ಹಾರಾಟದ ಚೆಲುವಲ್ಲ, ಗಾಬರಿ. ಬೆಳಗಿನ ಬೆಳಕಿನಲ್ಲೂ ಎಲ್ಲ ಹಕ್ಕಿಗಳು ನಮಗೆ ಬೆನ್ನು ಹಾಕಿರುವುದನ್ನು ನೋಡಿದರೆ ಸಾಕು, ಅದು ಹೇಗೆ ತೆಗೆದ ಚಿತ್ರವೆಂದು ತಿಳಿಯುತ್ತದೆ. ಖಾರಾಸೇವು, ಬಿಸ್ಕತ್ತು ಎಸೆದು ಗಲ್‌ಗಳನ್ನು ಹತ್ತಿರಕ್ಕೆ ಕರೆಯುವುದೂ ಇದರದೇ ತಮ್ಮ.

ಈಗ ಖಾಲಿ ಹಿನ್ನೆಲೆಯ ಮಾತು. ಈ ರುಚಿ ಎಲ್ಲಿಂದ ಬಂತೆಂದು ಕೇಳಿದರೆ ಹವ್ಯಾಸಿಗಳು ಸಲೂನ್ ಎಂದು ಕರೆಯುವ ಛಾಯಾಚಿತ್ರ ಸ್ಪರ್ಧೆಗಳತ್ತ ಬೆರಳು ತೋರುತ್ತಾರೆ. 1971ರಲ್ಲಿ ಹುಟ್ಟಿದ ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಕ್ಲಬ್ಬುಗಳಿಂದಾಗಿ ಕರ್ನಾಟಕದಲ್ಲಿ ಸಲೂನ್ ಸಂಸ್ಕೃತಿ ಗಟ್ಟಿಯಾಗಿ ಬೇರೂರಿದೆ. ನಿಸರ್ಗ ವಿಭಾಗದ ಚಿತ್ರದಲ್ಲಿ ಮನುಷ್ಯನ ಕುರುಹು ಇರಬಾರದೆಂಬುದು ಅಲ್ಲಿನ ವೇದವಾಕ್ಯ. ಆದರೆ ಫಿಯಾಪ್, ಪಿಎಸ್‌ಎ, ಆರ್‌ಪಿಎಸ್ ಎಂಬ ಮೂರು ಅಂತರರಾಷ್ಟ್ರೀಯ ಸಂಸ್ಥೆಗಳು 2014ರಲ್ಲಿ ಒಪ್ಪಿಕೊಂಡ ವ್ಯಾಖ್ಯೆಯನ್ನು ಪೂರ್ತಿ ಓದಿದರೆ ಅದು ಅಷ್ಟು ಬಿಗಿಯಲ್ಲ. ಮನುಷ್ಯ ಬದಲಿಸಿದ ಪರಿಸರಕ್ಕೆ ಹೊಂದಿಕೊಂಡ ಕಣಜಗೂಬೆ, ಕೊಕ್ಕರೆಗಳಂಥ ಜೀವಿಗಳ ಕತೆಗೆ ಮನುಷ್ಯನ ಕುರುಹು ಅವಿಭಾಜ್ಯವಾಗಿದ್ದರೆ ಇರಲಿ ಎಂದು ಅದೇ ಹೇಳುತ್ತದೆ. ಚಿತ್ರದಿಂದ ಏನನ್ನೂ ಅಳಿಸಕೂಡದೆಂದೂ ಹೇಳುತ್ತದೆ, ಬದಿ ಕತ್ತರಿಸಲು ಮಾತ್ರ ಅನುಮತಿ. ಅಂದಮೇಲೆ ದೋಣಿಯ ಮೂತಿಯನ್ನು ಸಾಫ್ಟ್‌ವೇರಿನಲ್ಲಿ ಒರೆಸುವವರು ಯಾವ ನಿಯಮಕ್ಕೆ ಹೆದರಿದ್ದಾರೋ ಅದನ್ನೇ ಮುರಿಯುತ್ತಿದ್ದಾರೆ.

ನಾವುಂದದ ಗಲ್‌ನ ಕತೆಗೆ ದೋಣಿ ಅವಿಭಾಜ್ಯವಲ್ಲವೆ? ಕೈರಂಪಣಿ ಬಲೆ ದಡಕ್ಕೆ ಬರುವಾಗ ನೋಡಿ. ಎರಡು ಸಾಲಾಗಿ ನಿಂತು ಹಗ್ಗ ಜಗ್ಗುವ ಜನ, ಬಲೆಯ ಹೊಟ್ಟೆ ಕಿರಿದಾದಂತೆ ಹತ್ತಿರವಾಗುವ ಹಕ್ಕಿಗಳ ಗದ್ದಲ. ಮೇಲೆ ಗರುಡ, ಅದರ ಕೆಳಗೆ ಗಲ್‌ಗಳು, ದಡದಲ್ಲಿ ಕಾಗೆ, ಆಚೆ ಬುಟ್ಟಿ ಹಿಡಿದ ಹೆಂಗಸರು. ಜಾರಿದ ಬೈಗಿ, ಬಂಗುಡೆಗೆ ಎಲ್ಲರೂ ಹಕ್ಕುದಾರರೇ. ಇಲ್ಲಿ ಯಾರನ್ನೂ ಎಬ್ಬಿಸಬೇಕಿಲ್ಲ, ಏನನ್ನೂ ಎಸೆಯಬೇಕಿಲ್ಲ. ಹಾರಾಟ ತಾನಾಗಿ ನಡೆಯುತ್ತಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಚಳಿಗಾಲದ ಗಲ್‌ಗಳೂ ಹೊರಟು ಹೋಗಿರುತ್ತವೆ. ಆದರೆ ನಡುಗಡಲಲ್ಲೇ ಬಾಳುವ ಕೆಲವು ಹಕ್ಕಿಗಳು ಮುಂಗಾರಿನ ಬಿರುಗಾಳಿಗೆ ಸಿಕ್ಕಿ, ಬಳಲಿ ದಡ ಸೇರುವುದು ಆಗಲೇ. ಆ ಎರಡು ತಿಂಗಳು ಲೆನ್ಸ್‌ಗಳು ಪೆಟ್ಟಿಗೆಯಲ್ಲಿರುತ್ತವೆ, ಮಳೆಯ ಕಡಲಿನ ಹಕ್ಕಿ ನಮ್ಮ ಚಿತ್ರಗಳಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ದೇಶ ಸುತ್ತುವ ವೃತ್ತಿಪರರಿಗೆ ಇಲ್ಲದ ಬಂಡವಾಳವೊಂದು ಊರಿನ ಹವ್ಯಾಸಿಗಿದೆ. ಒಂದೇ ದಡದ ಎಲ್ಲ ಋತುಗಳೂ ಅವನ ಕೈಯಳತೆಯಲ್ಲಿವೆ. ಬಲೆ ಎಂದು ಬೀಳುತ್ತದೆ, ಯಾವ ಗಾಳಿಗೆ ಯಾವ ಹಕ್ಕಿ ಎಂದು ಕೇಳಿದರೆ ಹೇಳುವವರು ಪಕ್ಕದ ಮನೆಯಲ್ಲಿದ್ದಾರೆ. ಇಷ್ಟನ್ನೂ ಬಿಟ್ಟು ನೀಲಿ ಪರದೆಯ ಮುಂದೆ ಚೂಪಾದ ಕಣ್ಣೊಂದನ್ನೇ ಬೆನ್ನಟ್ಟುವುದು ಬಡತನವನ್ನು ಕೇಳಿ ಪಡೆದಂತೆ. ಆ ಕಣ್ಣನ್ನು ಕ್ಯಾಮೆರಾ ಈಗ ತಾನೇ ಹುಡುಕಿಕೊಡುತ್ತದೆ, ಅದಕ್ಕಾಗಿ ಛಾಯಾಗ್ರಾಹಕನನ್ನು ಹೊಗಳಬೇಕಾದ ಕಾಲ ಮುಗಿಯಿತು. ಚೌಕಟ್ಟಿನೊಳಗೆ ಯಾವ ದೋಣಿ ಇರಬೇಕು, ಯಾವ ಹಗ್ಗ ಇರಬೇಕು ಎಂಬ ಆಯ್ಕೆ ಮಾತ್ರ ಇನ್ನೂ ಅವನದೇ. ಇನ್ನು ಮೇಲೆ ಅವನ ಚಿತ್ರಕ್ಕೆ ಅಂಕ ಕೊಡಬೇಕಾದದ್ದು ಆ ಆಯ್ಕೆಗೆ.